ಕಾಪಿಯಲ್ಲಿ ಇದ್ದಂಗೆ

ಹೋದ ಭಾನುವಾರ ಬೆಳಗ್ಗೆ ಪೇಪರ್ ಬಿಡಿಸ್ತಿದ್ದಂಗೆ ಒಳಗಿಂದ ಮೂರು ಪಾಂಪ್ಲೆಟ್ ಜಾರಿ ಬಿದ್ವು. ಒಂದು ಟ್ಯೂಷನ್ನಿಂದು, ಒಂದು ವಾಟರ್ ಫಿಲ್ಟರಿಂದು, ಮೂರನೇದು ಹೊಸದಾಗಿ ಶುರುವಾಗಿರೋ ಒಂದು ಪಾತ್ರೆ ಅಂಗಡಿದು. ಪಾತ್ರೆ ಅಂಗಡಿಯವರು ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ, ಒಂದೊಂದಕ್ಷರ ಹೆಬ್ಬೆರಳಿನಷ್ಟು ದಪ್ಪ, ‘ಮದುವೆ, ಗ್ರಹಪ್ರವೇಶ, ನಾಮಕರಣಗಳಿಗೆ ವಿಶೇಷ ರಿಯಾಯಿತಿ’ ಅಂತ ಹಾಕ್ಸಿದ್ರು. ನನ್ನ ಹೆಂಡತಿ ಎತ್ಕೊಂಡು ಓದಿ, ‘ಯಾವ ಗ್ರಹಕ್ಕೆ ಪ್ರವೇಶ ಮಾಡ್ತಾರಂತೆ, ಶನಿಗಾ?’ ಅಂದ್ಲು. ಇಬ್ಬರೂ ನಕ್ವಿ. ಆಮೇಲೆ ಅವಳೇ, ‘ಅಲ್ಲಾರೀ, ಇಷ್ಟು ದಪ್ಪಕ್ಷರದಲ್ಲಿರೋ ತಪ್ಪು ಯಾರ ಕಣ್ಣಿಗೂ ಬೀಳಲ್ವಾ, ಇದನ್ನ ನೋಡೋದು ಯಾರ ಕೆಲಸ?’ ಅಂತ ಕೇಳಿದ್ಲು. ನಾನು ಸುಮ್ನೆ ಕಾಫಿ ಕುಡಿದೆ. ಯಾಕಂದ್ರೆ ಆ ಪ್ರಶ್ನೆಯನ್ನ ನನ್ನ ಹತ್ರ ಒಬ್ಬರು ಇಪ್ಪತ್ತು ವರ್ಷದ ಹಿಂದೆ ಕೇಳಿದ್ರು, ಅವತ್ತು ನಾನು ಸುಳ್ಳು ಹೇಳಿದ್ದೆ.

ಅದಕ್ಕೆ ಆಮೇಲೆ ಬರ್ತೀನಿ.

ತುಮಕೂರಿನ ಅಶೋಕ ರಸ್ತೆ ಹಿಂದೆ ಒಂದು ಗಲ್ಲಿಯಲ್ಲಿ ನಂದೊಂದು ಡಿಟಿಪಿ ಅಂಗಡಿ ಇತ್ತು, 2000ದಿಂದ ಹದಿನೈದು ವರ್ಷ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಮೇಲೆ ಕಟಕಟ ಅಂತ ತಿರುಗೋ ಫ್ಯಾನು, ಗಿರಾಕಿ ಕೂರಕ್ಕೆ ಒಂದು ಬೆಂಚು. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಬಿಲ್ ಬುಕ್ಕು, ಪಾಂಪ್ಲೆಟ್ಟು, ಲೋಕಲ್ ಪೇಪರ್‌ಗಳಿಗೆ ಜಾಹೀರಾತು, ಎಲ್ಲಾ ಮಾಡ್ತಿದ್ದೆ. ಅದಕ್ಕೂ ಮುಂಚೆ ನಮ್ಮ ದೊಡ್ಡಪ್ಪಂದು ಚಿಕ್ಕಪೇಟೆಲಿ ಟ್ರೆಡಲ್ ಪ್ರೆಸ್ ಇತ್ತು, ಕಾಲಲ್ಲಿ ತುಳಿಯೋದು, ರಜದಲ್ಲಿ ಅಲ್ಲಿ ಮೊಳೆ, ಅಂದ್ರೆ ಸೀಸದ ಅಚ್ಚಕ್ಷರ, ಬಿಚ್ಚಿ ಕೇಸಿಗೆ, ಅಂದ್ರೆ ಅಕ್ಷರಕ್ಕೊಂದು ಮನೆ ಇರೋ ಟ್ರೇಗೆ, ಹಾಕೋದು ನನ್ನ ಕೆಲಸ. ಹಂಗಾಗಿ ಅಕ್ಷರ ತಪ್ಪಾಗೋದನ್ನ ನಾನು ಸೀಸದ ಮೊಳೆಯಿಂದ ಫ್ಲೆಕ್ಸಿನವರೆಗೂ ನೋಡಿದೀನಿ, ಸುಮಾರು ನಾನೇ ಮಾಡಿದೀನಿ ಕೂಡ.

ಹೊರಗಿನವರು ಅಂದ್ಕೊಳ್ಳೋದು ಏನಂದ್ರೆ ತಪ್ಪು ಆಯ್ತು ಅಂದ್ರೆ ಯಾರೂ ನೋಡಿಲ್ಲ ಅಂತ. ಅದು ಅರ್ಧ ನಿಜ ಅಷ್ಟೇ. ನನ್ನ ಅನುಭವದಲ್ಲಿ, ಜಾಹೀರಾತಲ್ಲಿ ಅಚ್ಚಾದ ತಪ್ಪು ಅಚ್ಚಾಗೋಕೆ ಮುಂಚೆನೇ ಯಾರಾದ್ರೂ ಒಬ್ಬರ ಕಣ್ಣಿಗೆ ಬಿದ್ದಿರುತ್ತೆ. ಆದ್ರೆ ಕಣ್ಣಿಗೆ ಬಿದ್ದವನಿಗೆ ಬಾಯಿ ಇರಲ್ಲ, ಬಾಯಿ ಇರೋನು ಓದೇ ಇರಲ್ಲ.

ದೊಡ್ಡಪ್ಪನ ಪ್ರೆಸ್ಸಲ್ಲಿ ಈ ಸಮಸ್ಯೆ ಸ್ವಲ್ಪ ಕಮ್ಮಿ ಇತ್ತು. ಕಂಪೋಜಿಟರ್ ಕೈಯಲ್ಲಿ ಸ್ಟಿಕ್ಕು ಅನ್ನೋ ಸಣ್ಣ ತಟ್ಟೆ ಹಿಡ್ಕೊಂಡು ಒಂದೊಂದೇ ಮೊಳೆ ಜೋಡಿಸ್ತಿದ್ರು, ಮೊಳೆ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡಂಗೆ ಉಲ್ಟಾ, ಸಾಲನ್ನ ತಲೆಕೆಳಗಾಗಿ ಹಿಡ್ಕೊಂಡು ಓದಬೇಕು, ಅವರಿಗೆ ಅದು ಎಷ್ಟು ರೂಢಿ ಅಂದ್ರೆ ನೆಟ್ಟಗಿರೋ ಪೇಪರ್ ಓದೋಕಿಂತ ಸಲೀಸು. ಕನ್ನಡದ ಕೇಸು ಅಂದ್ರೆ ಸಾಮಾನ್ಯ ಅಲ್ಲ, ಗುಣಿತಾಕ್ಷರ, ಒತ್ತು, ಅರ್ಕಾವತ್ತು ಎಲ್ಲಕ್ಕೂ ಮನೆ ಬೇಕು, ಇಂಗ್ಲಿಷ್ ಕೇಸಿಗಿಂತ ಎಷ್ಟೋ ಪಟ್ಟು ಮನೆಗಳು. ಜೋಡಿಸಿ ಆದ್ಮೇಲೆ ಗ್ಯಾಲಿ ಪ್ರೂಫ್, ಅಂದ್ರೆ ತಪ್ಪು ನೋಡೋಕೆ ಅಂತ ಒಂದು ಪ್ರತಿ, ತೆಗೀತಿದ್ರು. ಆವಾಗ ಇಬ್ಬರು ಕೂರಬೇಕು. ಒಬ್ಬರು ಕಾಪಿ, ಅಂದ್ರೆ ಗಿರಾಕಿ ಬರೆದುಕೊಟ್ಟ ಮೂಲ ಹಾಳೆ, ಹಿಡ್ಕೊಂಡು ಜೋರಾಗಿ ಓದೋದು, ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡೋದು. ಓದೋದು ಅಂದ್ರೆ ನಾವು ಓದಿದಂಗಲ್ಲ, ‘ಹೊಟ್ಟೆ ಸೀಳಿದ ಧ, ಧಕ್ಕೆ ದೀರ್ಘ, ನಕ್ಕೆ ಯ ಒತ್ತು’ ಅಂತ ಅಕ್ಷರದ ಮೈಯನ್ನೇ ಓದೋದು. ಧಾನ್ಯದ ಅಂಗಡಿ ಹ್ಯಾಂಡ್‌ಬಿಲ್ಲಿಗೂ ಇದೇ ಮರ್ಯಾದೆ.

ಪ್ರೂಫ್ ನೋಡೋಕೆ ಸಾಯಂಕಾಲ ಒಬ್ಬರು ಬರ್ತಿದ್ರು, ಹಗಲು ಎಲ್ಲೋ ಗುಮಾಸ್ತರು, ಕನ್ನಡ ಪಂಡಿತ ಪರೀಕ್ಷೆ ಮಾಡ್ಕೊಂಡಿದ್ದವರು. ದೊಡ್ಡಪ್ಪ ಅವರಿಗೆ ದುಡ್ಡು ಕೊಡ್ತಿದ್ರು. ಜಾಸ್ತಿ ಅಲ್ಲ, ಆದ್ರೆ ಕೊಡ್ತಿದ್ರು. ಆ ದುಡ್ಡಲ್ಲಿ ಒಂದು ಅಧಿಕಾರ ಇತ್ತು ಅಂತ ನಂಗೆ ಆಗ ಅರ್ಥ ಆಗಿರಲಿಲ್ಲ. ಅವರು ಕೆಂಪು ಶಾಯಿ ಹಾಕಿದ್ರೆ ಮುಗೀತು, ಗಿರಾಕಿ ಮಂಡಿಪೇಟೆ ದೊಡ್ಡ ಸಾಹುಕಾರ ಆದ್ರೂ ಸರಿ, ‘ಅವರು ತಿದ್ದಿದಾರೆ ಸ್ವಾಮಿ, ಹಂಗೇ ಹೋಗ್ಲಿ’ ಅಂತ ದೊಡ್ಡಪ್ಪ ಹೇಳ್ತಿದ್ರು. ತಿದ್ದೋಕೆ ಅಂತಲೇ ಕೂತಿರೋನು ತಿದ್ದಿದ್ರೆ ಯಾರಿಗೂ ಅವಮಾನ ಅನ್ನಿಸ್ತಿರಲಿಲ್ಲ.

ಕಂಪ್ಯೂಟರ್ ಬಂತು. ಕನ್ನಡ ಹೊಡೆಯೋ ಸಾಫ್ಟ್‌ವೇರ್ ‘ಬರಹ’ 1998ರಲ್ಲಿ ಬಂತು, ಆಮೇಲೆ ‘ನುಡಿ’ ಬಂತು, ಪ್ರೆಸ್ ಲೈನಿನವರು ‘ಶ್ರೀಲಿಪಿ’ ಇಟ್ಕೊಂಡಿದ್ರು, ಕೆ.ಪಿ. ರಾಯರು ಮಾಡಿದ ಕೀಲಿಮಣೆ ಕಲಿತ್ರೆ ಒಂದು ತಿಂಗಳಲ್ಲಿ ಯಾರು ಬೇಕಾದ್ರೂ ಕನ್ನಡ ಹೊಡೀಬಹುದು ಅಂತಾಯ್ತು. ಅದು ಒಳ್ಳೇದೇ, ನನ್ನ ಅನ್ನವೇ ಅದು. ಆದ್ರೆ ಎಸ್ಟಿಮೇಟಿಂದ ಒಂದು ಲೈನು ಮಾಯ ಆಯ್ತು, ಪ್ರೂಫ್ ನೋಡೋರಿಗೆ ಕೊಡೋ ದುಡ್ಡು. ಪಕ್ಕದ ಅಂಗಡಿಯವನು ಪೇಜಿಗೆ ಐದು ರೂಪಾಯಿ ಕಮ್ಮಿಗೆ ಮಾಡ್ತಾನೆ ಅಂದ್ರೆ ನಾನೂ ಎಲ್ಲಾದ್ರೂ ಕತ್ತರಿಸಬೇಕಲ್ಲ, ಪ್ರೂಫ್ ನೋಡೋದನ್ನ ಕತ್ತರಿಸಿದೆ. ‘ಗಿರಾಕಿನೇ ನೋಡ್ಲಿ, ಓಕೆ ಅಂತ ಸೈನ್ ಮಾಡ್ಲಿ’ ಅನ್ನೋ ಪದ್ಧತಿ ಹಂಗೆ ಬಂತು. ಪ್ರಿಂಟ್‌ಔಟ್ ತೆಗೆದು ಕೈಗೆ ಕೊಡೋದು, ‘ಸಾರ್ ಸರಿಯಾಗಿ ಒಂದ್ಸಲ ಓದ್ಕೊಳಿ, ಆಮೇಲೆ ನಾವು ಜವಾಬ್ದಾರಿ ಅಲ್ಲ’ ಅನ್ನೋದು, ಅವರು ಫೋನಲ್ಲಿ ಮಾತಾಡ್ತಾ ಕೆಳಗೆ ‘ಓಕೆ’ ಅಂತ ಗೀಚೋದು.

ಈ ಓಕೆಯಿಂದ ನನ್ನ ಹದಿನೈದು ವರ್ಷದಲ್ಲಿ ಹಿಡಿದ ತಪ್ಪು ಬಹಳ ಕಮ್ಮಿ, ಆದ್ರೆ ಜಗಳ ಆದಾಗ ನನ್ನನ್ನ ಕಾಪಾಡಿದ್ದು ತುಂಬಾ ಸಲ. ಗಿರಾಕಿ ಓದೋದು ಏನನ್ನ? ತನ್ನ ಹೆಸರು ಇದೆಯಾ, ಮಾವನ ಹೆಸರು ಬಿಟ್ಟೋಗಿಲ್ವಾ, ಯಾರ ಹೆಸರು ಮೇಲೆ ಯಾರದು ಕೆಳಗೆ, ಫೋನ್ ನಂಬರು, ಡೇಟು. ಅದನ್ನ ಅವರು ಹದ್ದಿನ ಕಣ್ಣಲ್ಲಿ ನೋಡ್ತಾರೆ, ನೋಡಬೇಕಾದ್ದೂ ಅವರೇ, ಅವರ ಮನೆ ಡೇಟು ನಂಗೇನು ಗೊತ್ತು. ಆದ್ರೆ ‘ಉದ್ಘಾಟನೆ’ಯಲ್ಲಿ ಹೊಟ್ಟೆ ಸೀಳೋದು ದಕ್ಕಾ ಘಕ್ಕಾ ಅಂತ ನೋಡೋಕೆ ಬರಂಗಿದ್ರೆ ಆ ಮನುಷ್ಯ ಬಸ್ ಚಾರ್ಜ್ ಹಾಕ್ಕೊಂಡು ಗುಬ್ಬಿಯಿಂದ ನನ್ನ ಅಂಗಡಿಗೆ ಯಾಕೆ ಬರ್ತಿದ್ದ? ಬರವಣಿಗೆ ಗೊತ್ತಿರೋರು ಮಾಡಿಕೊಡ್ತಾರೆ ಅಂತ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋಕೆ ಬಂದವನ ಕೈಗೇ ಪೆನ್ನು ಕೊಟ್ಟು ‘ತಪ್ಪಿದ್ರೆ ನೀನೇ ಹೊಣೆ’ ಅಂತ ಸೈನ್ ಹಾಕಿಸ್ಕೊಳ್ಳೋದು, ಈಗ ಯೋಚನೆ ಮಾಡಿದ್ರೆ ಸ್ವಲ್ಪ ನಾಚಿಕೆ ಆಗುತ್ತೆ.

ದಪ್ಪಕ್ಷರದ ತಪ್ಪು ಯಾಕೆ ಕಾಣಲ್ಲ ಅನ್ನೋದಕ್ಕೂ ಒಂದು ಮಾತು. ಸಣ್ಣಕ್ಷರವನ್ನ ನಾವು ಕಣ್ಣು ಕಿರಿದು ಮಾಡ್ಕೊಂಡು ಓದ್ತೀವಿ, ದಪ್ಪಕ್ಷರವನ್ನ ನೋಡ್ತೀವಿ ಅಷ್ಟೇ, ಚಿತ್ರದ ಥರ. ಅದರಲ್ಲೂ ನಾವೇ ಹೊಡೆದಿದ್ದಾದ್ರೆ ಕಾಗದದ ಮೇಲೆ ಇರೋದಲ್ಲ, ತಲೆಯಲ್ಲಿರೋದು ಕಾಣುತ್ತೆ. ಹೆಡ್ಡಿಂಗಲ್ಲಿ ಆದಷ್ಟು ತಪ್ಪು ನಮ್ಮಲ್ಲಿ ಒಳಗಡೆ ಮ್ಯಾಟರಲ್ಲಿ ಆಗ್ತಿರಲಿಲ್ಲ. ‘ಜಾಹೀರಾತು’ ಅನ್ನೋ ಪದವನ್ನೇ ನಾನು ಒಂದು ರೇಟ್ ಕಾರ್ಡಲ್ಲಿ ‘ಜಾಹಿರಾತು’ ಅಂತ ಹೊಡೆದು, ಅದು ಆರು ತಿಂಗಳು ನನ್ನ ಅಂಗಡಿ ಗೋಡೆ ಮೇಲೇ ನೇತಾಡ್ತಿತ್ತು. ಒಂದು ದಿನ ಒಬ್ಬ ಕಾಲೇಜು ಹುಡುಗಿ, ಜೆರಾಕ್ಸ್ ಮಾಡಿಸೋಕೆ ಬಂದವಳು, ‘ಅಂಕಲ್, ಹಿ ಅಕ್ಷರಕ್ಕೆ ದೀರ್ಘ ಬರಬೇಕು’ ಅಂದ್ಲು. ಆರು ತಿಂಗಳಲ್ಲಿ ಅದನ್ನ ಅವಳೊಬ್ಬಳೇ ನೋಡಿದ್ಲಾ? ನಂಗೆ ನಂಬಿಕೆ ಇಲ್ಲ.

ಸ್ಪೆಲ್ ಚೆಕ್ ಇಲ್ವಾ ಅಂತ ಕೇಳ್ತಾರೆ. ಆಗ ನಾವು ಪೇಜ್‌ಮೇಕರ್, ಕೋರೆಲ್ ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಲ್ಲಿ ಹೊಡೀತಿದ್ದ ಕನ್ನಡವನ್ನ ಕಂಪ್ಯೂಟರ್ ಕನ್ನಡ ಅಂತಲೇ ಗುರುತಿಸ್ತಿರಲಿಲ್ಲ. ಅದಕ್ಕೆ ಅದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಫೈಲ್ ತೆಗೆದ್ರೆ ‘ಕನ್ನಡ’ ಅನ್ನೋ ಪದ ಒಂದು ಪಿ, ಒಂದು ಪೌಂಡ್ ದುಡ್ಡಿನ ಗುರುತು, ಒಂದು ಕ್ಯು, ಮಧ್ಯೆ ಮಧ್ಯೆ ತಲೆ ಮೇಲೆ ಗೀಟಿರೋ ಎ, ಹಿಂಗೆ ಕಾಣ್ತಿತ್ತು. ಅದರಲ್ಲಿ ಯಾವ ಕಾಗುಣಿತ ಚೆಕ್ ಮಾಡುತ್ತೆ ಪಾಪ. ಈಗ ಕನ್ನಡವನ್ನ ಕನ್ನಡ ಅಂತಲೇ ಗುರುತಿಸೋ ಯೂನಿಕೋಡ್ ಬಂದಿದೆ, ಚೆಕ್ ಮಾಡೋ ಸಾಫ್ಟ್‌ವೇರೂ ಇವೆ, ಆದ್ರೂ ನಮ್ಮ ಭಾಷೆಲಿ ಒಂದು ಪದಕ್ಕೆ ಬಾಲದ ಮೇಲೆ ಬಾಲ ಅಂಟಿಸ್ತೀವಿ, ಸರಿಯಾದ್ದಕ್ಕೂ ಕೆಂಪು ಗೆರೆ ಹಾಕುತ್ತೆ, ಕೆಂಪು ಗೆರೆ ನೋಡಿ ನೋಡಿ ಕಣ್ಣು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಇನ್ನು ಗ್ರಹ, ಗೃಹ ಎರಡೂ ಸರಿಯಾದ ಪದಗಳೇ. ದನಸಹಾಯ ಮಾಡಿದ ದಾನಿಗಳಿಗೆ ಧನ್ಯವಾದ ಅಂತ ಹೊಡೆದ್ರೆ ಯಾವ ಸಾಫ್ಟ್‌ವೇರಿಗೂ ಅದರಲ್ಲಿ ಎಮ್ಮೆ ಕಾಣಲ್ಲ.

ಈಗ ಸುಳ್ಳಿನ ವಿಷ್ಯ.

2005ರ ಮೇ ತಿಂಗಳು. ಶಾಲೆಗಳ ಅಡ್ಮಿಷನ್ ಸೀಸನ್, ನಮಗೆ ಮದುವೆ ಸೀಸನ್ ಬಿಟ್ರೆ ಅದೇ ಹಬ್ಬ. ಊರಾಚೆ ಒಂದು ಪ್ರೈವೇಟ್ ಶಾಲೆ, ಅದರ ಕಾರ್ಯದರ್ಶಿ ಬಂದ್ರು. ಅವರು ಬೇರೆ ಯಾರೂ ಅಲ್ಲ, ನಂಗೆ ಎಂಟನೇ ಕ್ಲಾಸಲ್ಲಿ ಸಮಾಜ ಹೇಳಿಕೊಟ್ಟ ಮೇಷ್ಟ್ರೇ, ರಿಟೈರಾಗಿ ಅಲ್ಲಿ ಸೇರ್ಕೊಂಡಿದ್ರು. ಐದು ಸಾವಿರ ಪಾಂಪ್ಲೆಟ್ಟು, ಜೊತೆಗೆ ಒಂದು ಲೋಕಲ್ ಪೇಪರಲ್ಲಿ ಕಾಲು ಪೇಜ್ ಜಾಹೀರಾತು. ಕೈಬರಹದಲ್ಲಿ ಮ್ಯಾಟರ್ ತಂದಿದ್ರು, ಫುಲ್‌ಸ್ಕೇಪ್ ಹಾಳೆ, ಹಸಿರು ಶಾಯಿ, ಮುತ್ತಿನಂಥ ಅಕ್ಷರ. ನಾನು ಹೊಡೀತಾ ಹೋದೆ. ಮೂರನೇ ಸಾಲು: ‘ನುರಿತ ಶಿಕ್ಷಕರಿಂದ ಉತ್ತಮ ಭೋದನೆ’.

ಬೋಧನೆ ಆಗಬೇಕು. ಹೊಟ್ಟೆ ಸೀಳಬೇಕಿರೋದು ದಕಾರಕ್ಕೆ, ಅವರು ಬಕಾರಕ್ಕೆ ಸೀಳಿದ್ರು. ಕೀಬೋರ್ಡಲ್ಲಿ ಹೇಳ್ಬೇಕಂದ್ರೆ ಬಿ ಸಾದಾ ಒತ್ತಿ ಡಿಗೆ ಶಿಫ್ಟ್ ಹಿಡೀಬೇಕು, ಇಲ್ಲಿ ಬಿಗೆ ಶಿಫ್ಟ್ ಹಿಡಿದು ಡಿಗೆ ಬಿಡಬೇಕು. ನಂಗೆ ಈಗಲೂ ನೆನಪಿದೆ, ಎಡಗೈ ಕಿರುಬೆರಳು ಶಿಫ್ಟ್ ಮೇಲೆ ಒಂದು ಕ್ಷಣ ನಿಂತಿತ್ತು. ಮೇಷ್ಟ್ರು ಹಿಂದೆ ಬೆಂಚ್ ಮೇಲೆ ಕೂತು ಟೀ ಕುಡೀತಿದ್ರು. ತಿರುಗಿ, ‘ಸಾರ್, ಇದು ಬೋಧನೆ ಅಲ್ವಾ?’ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಆದ್ರೆ ಮೇಷ್ಟ್ರು ಬರೆದಿದ್ದನ್ನ ನಾನು ತಿದ್ದೋದಾ, ಅದೂ ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿ ಇದಾರೆ, ಒಂದು ವೇಳೆ ಹಂಗೂ ಬರೀಬಹುದೋ ಏನೋ, ಅಂತ ತಲೆಯಲ್ಲಿ ಒಂದಷ್ಟು ಓಡ್ತು. ನಮ್ಮ ಲೈನಲ್ಲಿ ಒಂದು ಹಳೇ ಮಾತಿದೆ, ‘ಕಾಪಿಯಲ್ಲಿ ಇದ್ದಂಗೆ ಹೊಡಿ’ ಅಂತ. ಹೊಡೆದೆ. ಶಿಫ್ಟ್ ಬಿ.

ಪ್ರೂಫ್ ಕೊಟ್ಟೆ, ಅವರು ಫೀಸು, ಫೋನ್ ನಂಬರ್, ಅಧ್ಯಕ್ಷರ ಹೆಸರಿನ ಮುಂದೆ ‘ಶ್ರೀಯುತ’ ಇದೆಯಾ ಅಂತ ನೋಡಿ ಅದೇ ಹಸಿರು ಶಾಯಿಯಲ್ಲಿ ಓಕೆ ಮಾಡಿದ್ರು. ಹೆಡ್ಡಿಂಗ್ ಕೆಳಗೆ ಎದ್ದು ಕಾಣ್ಲಿ ಅಂತ ಆ ಮೂರನೇ ಸಾಲನ್ನ ಬೋಲ್ಡ್ ಮಾಡಿದ್ದು ನಾನೇ.

ಪೇಪರಲ್ಲಿ ಬಂದ ದಿನ ಮಧ್ಯಾಹ್ನ ಮೇಷ್ಟ್ರು ಬಂದ್ರು. ಯಾರೋ ಪೋಷಕರು ಆ ಸಾಲಿಗೆ ಕೆಂಪು ಸುತ್ತು ಹಾಕಿ ಶಾಲೆ ಆಫೀಸಿನ ಟೇಬಲ್ ಮೇಲೆ ಇಟ್ಟೋಗಿದ್ರಂತೆ, ಏನೂ ಮಾತಾಡದೆ. ಅಧ್ಯಕ್ಷರು ಕೂಗಾಡಿದಾರೆ. ಪೇಪರ್ ಆಫೀಸಿಗೆ ಫೋನ್ ಮಾಡಿದ್ರೆ ಅವರು, ‘ನಮಗೆ ರೆಡಿ ಮ್ಯಾಟರ್ ಬಂತು, ನಾವು ಅದರಲ್ಲಿ ಕೈ ಹಾಕಲ್ಲ, ಡಿಟಿಪಿ ಮಾಡಿದವರನ್ನ ಕೇಳಿ’ ಅಂದಿದಾರೆ. ಐದು ಸಾವಿರ ಪಾಂಪ್ಲೆಟ್ ಬಂಡಲ್ ಬಿಚ್ಚೇ ಇರಲಿಲ್ಲ. ‘ಏನಪ್ಪಾ ಹಿಂಗ್ ಮಾಡಿಬಿಟ್ಟಿದೀಯ, ಶಾಲೆ ಮಾನ ಹೋಯ್ತಲ್ಲ, ಬೇರೆ ಹೊಡ್ಕೊಡು’ ಅಂದ್ರು. ನಾನು ಮಾತಾಡದೆ ಫೈಲ್ ತೆಗೆದು ಅವರ ಹಾಳೆ ಮುಂದಿಟ್ಟೆ. ಹಸಿರು ಶಾಯಿ, ಮುತ್ತಿನಂಥ ಭೋದನೆ.

ಅವರು ಕನ್ನಡಕ ತೆಗೆದು, ಪಂಚೆ ತುದಿಯಲ್ಲಿ ಒರೆಸಿ, ಹಾಕ್ಕೊಂಡು, ತುಂಬಾ ಹೊತ್ತು ನೋಡಿದ್ರು. ‘ಹೌದಲ್ಲಪ್ಪಾ, ನಂದೇ ಬರವಣಿಗೆ’ ಅಂದ್ರು. ಆಮೇಲೆ ತಲೆ ಎತ್ತಿ, ಜಗಳದ ಧ್ವನಿಯಲ್ಲಲ್ಲ, ಕ್ಲಾಸಲ್ಲಿ ಕೇಳ್ತಿದ್ರಲ್ಲ ಹಂಗೆ, ‘ನಿಂಗೂ ಗೊತ್ತಾಗಲಿಲ್ವಾ?’ ಅಂದ್ರು.

‘ಗಮನಿಸಲಿಲ್ಲ ಸಾರ್’ ಅಂದೆ.

ಪಾಂಪ್ಲೆಟ್ ದುಡ್ಡು ಪೂರ್ತಿ ಕೊಟ್ಟು ಹೋದ್ರು. ಮತ್ತೆ ಬರಲಿಲ್ಲ. ಲೆಕ್ಕದ ಪ್ರಕಾರ ನಾನು ಗೆದ್ದಿದ್ದೆ.

ಹೊಣೆ ಅನ್ನೋ ಪದದಲ್ಲೇ ಈ ತೊಡಕಿದೆ ಅನ್ಸುತ್ತೆ. ದುಡ್ಡು ಯಾರು ಕಟ್ಟಬೇಕು ಅನ್ನೋದು ಒಂದು ಪ್ರಶ್ನೆ, ತಪ್ಪನ್ನ ಯಾರು ಹಿಡೀಬೇಕಿತ್ತು ಅನ್ನೋದು ಬೇರೆ ಪ್ರಶ್ನೆ, ಜಗಳ ಯಾವಾಗಲೂ ಮೊದಲನೇದರ ಮೇಲೆ ನಡೆಯೋದು. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನಲ್ಲಿ ‘ವ್ಯಭಿಚಾರ ಮಾಡಬಾರದು’ ಅನ್ನೋ ಕಡೆ ‘ಬಾರದು’ ಬಿಟ್ಟೋಗಿ ಮಾಡು ಅಂತಲೇ ಅಪ್ಪಣೆ ಆಯ್ತು, ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಟ್ರಾವೆಲ್ ಏಜೆನ್ಸಿ ಯೆಲ್ಲೋ ಪೇಜಸಲ್ಲಿ ‘ಎಕ್ಸಾಟಿಕ್’ ಪ್ರವಾಸ ಅಂತ ಜಾಹೀರಾತು ಕೊಟ್ರೆ ಅದು ‘ಎರಾಟಿಕ್’ ಅಂತ ಅಚ್ಚಾಯ್ತು, ಅಂದ್ರೆ ದೂರದೇಶದ ಟೂರು ಹೋಗಿ ಪೋಲಿ ಟೂರು ಆಯ್ತು, ಏಜೆನ್ಸಿಯವರು ಕೋರ್ಟಿಗೆ ಹೋದ್ರು. ಅಲ್ಲೂ ಯಾವುದೋ ಮೊಳೆ ಜೋಡಿಸೋ ಹುಡುಗನೋ ಟೈಪ್ ಮಾಡೋ ಹೆಂಗಸೋ ಆ ಸಾಲಿನ ಮೇಲೆ ಒಂದು ಕ್ಷಣ ನಿಂತಿದ್ರಾ ಅಂತ ನಂಗೆ ಅನುಮಾನ. ದಂಡ ಹಾಕೋರು ಅದನ್ನ ಕೇಳಲ್ಲ.

ನಮ್ಮ ಕಾನೂನೂ ಹಂಗೇ. 1867ರ ಕಾಯ್ದೆ ಪ್ರಕಾರ ಅಚ್ಚಾದ ಪುಸ್ತಕ, ಪತ್ರಿಕೆ ಮೇಲೆ ಮುದ್ರಕರ ಹೆಸರು, ಊರು ಇರಲೇಬೇಕಿತ್ತು, 2023ರಲ್ಲಿ ಪತ್ರಿಕೆಗಳಿಗೆ ಹೊಸ ಕಾಯ್ದೆ ಬಂದು ಅದು ಹೋಯ್ತು. ದೊಡ್ಡಪ್ಪ ಲಗ್ನಪತ್ರಿಕೆ ತಳದಲ್ಲೂ ಇರುವೆ ಸಾಲಿನಷ್ಟು ಸಣ್ಣದಾಗಿ ಪ್ರೆಸ್ ಹೆಸರು ಹಾಕ್ತಿದ್ರು. ಎಲೆಕ್ಷನ್ ಟೈಮಲ್ಲಂತೂ ಇನ್ನೂ ಬಿಗಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಪೋಸ್ಟರ್, ಪಾಂಪ್ಲೆಟ್ ಮೇಲೆ ಮುದ್ರಕರು ಯಾರು ಪ್ರಕಾಶಕರು ಯಾರು ಅಂತ ಇರಬೇಕು, ಮಾಡಿಸೋರಿಂದ ಇಬ್ಬರು ಸಾಕ್ಷಿ ಸಮೇತ ಡಿಕ್ಲರೇಷನ್ ತಗೋಬೇಕು, ಒಂದು ಪ್ರತಿ ಡಿಸಿ ಆಫೀಸಿಗೆ ಹೋಗಬೇಕು, ತಪ್ಪಿದ್ರೆ 6 ತಿಂಗಳವರೆಗೆ ಜೈಲು ಇಲ್ಲಾ 2000 ರೂಪಾಯಿವರೆಗೆ ದಂಡ ಇಲ್ಲಾ ಎರಡೂ. ನಾನು ಅಷ್ಟೂ ಮಾಡಿದೀನಿ. ಆ ಪಾಂಪ್ಲೆಟ್ಟಲ್ಲಿ ‘ಅಭ್ಯರ್ಥಿ’ ಅನ್ನೋದು ‘ಅಬ್ಯರ್ಥಿ’ ಆಗಿದ್ರೆ ಯಾರೂ ಕೇಳಲ್ಲ ಬಿಡಿ. ಇನ್ನು ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಅಂಗಡಿ ಬೋರ್ಡಲ್ಲಿ ಶೇಕಡ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಒಳ್ಳೆ ಕಾನೂನು. ಟೇಪ್ ಹಿಡಿದು ಅಳೀಬಹುದು. ಬಿ.ಎಚ್. ರೋಡಲ್ಲಿ ಆಗ ಅವಸರವಸರವಾಗಿ ಏರಿದ ಬೋರ್ಡುಗಳನ್ನ ನೋಡ್ಕೊಂಡು ಬಂದ್ರೆ ಅಳತೆ ಸರಿಯಾಗಿದೆ, ಅಕ್ಷರ ಸುಮಾರು ಕಡೆ ಅಳೋ ಹಂಗಿದೆ.

ತಿದ್ದೋಕೆ ಹೋಗಿ ಬೈಸ್ಕೊಂಡಿದ್ದೂ ಇದೆ, ಅದನ್ನೂ ಹೇಳ್ಬೇಕು. ಮೇಷ್ಟ್ರ ಪ್ರಸಂಗ ಆದ್ಮೇಲೆ ನಂಗೆ ರೋಷ ಬಂದು ಕಂಡಕಂಡಲ್ಲಿ ತಿದ್ದೋಕೆ ಶುರು ಮಾಡಿದೆ. ಸಿರಾ ಕಡೆಯವರು ಒಂದು ಪುಣ್ಯಸ್ಮರಣೆ ಜಾಹೀರಾತು ತಂದ್ರು, ಅದರಲ್ಲಿ ತೀರಿಕೊಂಡ ಅಜ್ಜಿ ಹೆಸರು ‘ಈರಮ್ಮ’ ಅಂತಿತ್ತು. ಹಳ್ಳಿಯವರು, ವಕಾರ ಬಿಟ್ಟಿದಾರೆ ಅಂತ ನಾನೇ ದೊಡ್ಡ ಪಂಡಿತನ ಥರ ‘ವೀರಮ್ಮ’ ಮಾಡಿ ಕಳಿಸ್ದೆ, ಅವಸರದಲ್ಲಿ ಪ್ರೂಫೂ ತೋರಿಸಲಿಲ್ಲ. ಮಾರನೇ ದಿನ ಮೊಮ್ಮಗ ಬಂದು ಅಂಗಡಿ ಮುಂದೆ ನಿಂತ. ‘ನಮ್ಮಜ್ಜಿ ರೇಷನ್ ಕಾರ್ಡಲ್ಲಿ ಈರಮ್ಮ, ಪಹಣಿಯಲ್ಲಿ ಈರಮ್ಮ, ಊರೆಲ್ಲ ಈರಮ್ಮ, ನೀನ್ಯಾವನಯ್ಯ ವೀರಮ್ಮ ಮಾಡೋಕೆ? ಎಂಬತ್ತು ವರ್ಷ ಇದ್ದ ಹೆಸರನ್ನ ಸತ್ತ ಮೇಲೆ ತೆಗೆದಾಕ್ತೀಯಾ?’ ಅಂದ. ಅವನು ಕೇಳಿದ್ದು ನ್ಯಾಯ. ಆ ದುಡ್ಡು ನಾನೇ ಕಟ್ಟಿದೆ, ಎರಡನೇ ಸಲ ಸರಿಯಾಗಿ ಹಾಕಿಸ್ದೆ. ಮನುಷ್ಯರ ಹೆಸರಿನಲ್ಲಿ ಕಾಗುಣಿತ ಅನ್ನೋದಿಲ್ಲ, ಅವರು ಹೇಳಿದ್ದೇ ಕಾಗುಣಿತ. ಊರಿನ ಹೆಸರೂ ಅಷ್ಟೇ, ಸಿರಾ ಅಂತಲೂ ಬರೀತಾರೆ ಶಿರಾ ಅಂತಲೂ ಬರೀತಾರೆ, ಎರಡು ಪಕ್ಷದವರೂ ಜಗಳಕ್ಕೆ ರೆಡಿ. 2014ರ ನವೆಂಬರ್ 1ಕ್ಕೆ ನಮ್ಮೂರಿನ ಇಂಗ್ಲಿಷ್ ಸ್ಪೆಲಿಂಗನ್ನೇ ಸರ್ಕಾರ ಬದಲಾಯಿಸಿದಾಗ, ಟುಮ್ಕೂರ್ ಹೋಗಿ ತುಮಕೂರು ಆದಾಗ, ನಿನ್ನೆವರೆಗೂ ಸರಿಯಾಗಿದ್ದ ಲೆಟರ್‌ಹೆಡ್ಡುಗಳೆಲ್ಲ ಬೆಳಗಾಗೋದ್ರೊಳಗೆ ತಪ್ಪಾದ್ವು. ನಮಗೆ ಒಂದಷ್ಟು ದಿನ ಒಳ್ಳೆ ವ್ಯಾಪಾರ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಈರಮ್ಮನಿಂದ ನಾನು ಕಲ್ತಿದ್ದು ತಿದ್ದಬಾರದು ಅಂತಲ್ಲ, ಕೇಳಬೇಕು ಅಂತ. ಕೇಳೋದು ಎಷ್ಟು ಕಷ್ಟ ಅಂತ ಒಳಗಿದ್ದವರಿಗೇ ಗೊತ್ತು. ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡೋ ಹುಡುಗ ನಂಗೆ ಪರಿಚಯ. ಯಾವುದೋ ಲೀಡರ್ ಬರ್ತ್‌ಡೇಗೆ ರಾತ್ರಿ ಹತ್ತು ಗಂಟೆಗೆ ಆರು ಜನ ಹುಡುಗರು ಬಂದು ಅವನ ಹಿಂದೆ ನಿಂತ್ಕೊಂಡು, ಫೋಟೋ ದೊಡ್ಡದು ಮಾಡು, ನನ್ನ ಫೋಟೋ ಮೇಲೆ ತಾ, ಅಂತ ಕುತ್ತಿಗೆ ಮೇಲೆ ಉಸಿರು ಬಿಡ್ತಿರ್ತಾರೆ. ಇವನು, ‘ಅಣ್ಣ, ಶುಭಾಷಯ ಅಲ್ಲ ಶುಭಾಶಯ, ಹಾರ್ಧಿಕ ಅಲ್ಲ ಹಾರ್ದಿಕ’ ಅಂದಿದಾನೆ. ‘ಗುರೂ, ಎಲ್ಲಾ ಕಡೆ ಹಂಗೇ ಹಾಕಿರೋದು, ನೀನು ಲೇಟ್ ಮಾಡ್ಬೇಡ’ ಅಂದ್ರಂತೆ. ಅವನು ಎಸ್ಎಸ್ಎಲ್‌ಸಿಯಲ್ಲಿ ಕನ್ನಡಕ್ಕೆ 125ಕ್ಕೆ 118 ತಗೊಂಡ ಹುಡುಗ. ಆ ಫ್ಲೆಕ್ಸು ಟೌನ್ ಹಾಲ್ ಸರ್ಕಲಲ್ಲಿ ಒಂದು ವಾರ ಇತ್ತು, ‘ದಿನಾ ಅದರ ಕೆಳಗೇ ಗಾಡಿ ಓಡಿಸ್ಕೊಂಡು ಬರ್ತೀನಿ ಅಣ್ಣ, ತಲೆ ಎತ್ತಲ್ಲ’ ಅಂತಿದ್ದ.

ದೊಡ್ಡ ಕಂಪನಿ ಜಾಹೀರಾತುಗಳ ಕತೆ ಇನ್ನೂ ವಿಚಿತ್ರ. ಪೇಪರ್ ಒಂದರ ಜಾಹೀರಾತು ವಿಭಾಗದಲ್ಲಿರೋ ಗೆಳೆಯ ಹೇಳೋದು, ಆರ್‌ಓ, ಅಂದ್ರೆ ಜಾಹೀರಾತು ಹಾಕಿ ಅನ್ನೋ ಆರ್ಡರ್, ಅದರ ಜೊತೆ ಪಿಡಿಎಫ್ ಬರುತ್ತೆ, ಎಲ್ಲಿ ಮಾಡಿದ್ರೋ ಅಲ್ಲಿ ಕನ್ನಡ ಓದೋಕೆ ಬರೋರು ಒಬ್ಬರೂ ಇಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಒತ್ತಕ್ಷರ ಎಲ್ಲಾ ಬಿಡಿಸ್ಕೊಂಡು ಪಕ್ಕಕ್ಕೆ ಬಂದು ಕೂತಿರುತ್ತೆ, ‘ಪ್ರೀತಿ’ ಅನ್ನೋದು ‘ಪ್‌ರೀತಿ’ ಆಗಿರುತ್ತೆ. ಕನ್ನಡ ಬರೋ ಮೊದಲನೇ ಮನುಷ್ಯ ಆ ಜಾಹೀರಾತನ್ನ ನೋಡೋದೇ ಇವನ ಟೇಬಲಲ್ಲಿ, ರಾತ್ರಿ ಎಂಟಕ್ಕೆ, ಪೇಜ್ ಬಿಡೋಕೆ ಒಂದು ಗಂಟೆ ಇರುವಾಗ. ಕೈ ಹಾಕೋ ಹಂಗಿಲ್ಲ. ಫೋನ್ ಮಾಡಿದ್ರೆ ಆ ಕಡೆಯಿಂದ ‘ಕ್ಲೈಂಟ್ ಅಪ್ರೂವ್ ಮಾಡಿದಾರೆ, ಹಂಗೇ ಬಿಡಿ’. ಕ್ಲೈಂಟಿಗೆ ಕನ್ನಡ ಬರುತ್ತಾ? ಅದೇ ಹಸಿರು ಶಾಯಿ ಓಕೆ, ಇಲ್ಲಿ ಇಮೇಲಲ್ಲಿ. ಒಳಪುಟದಲ್ಲಿ ‘ಜಾಹೀರಾತಿನ ವಿವರಗಳಿಗೆ ಪತ್ರಿಕೆ ಹೊಣೆಯಲ್ಲ’ ಅಂತ ಒಂದು ಚೌಕ ಇರುತ್ತಲ್ಲ, ಸರಿ, ಸೈಟಿನ ದಾಖಲೆ ಸಾಚಾನಾ ಅಂತ ಪತ್ರಿಕೆ ಹೋಗಿ ನೋಡೋಕಾಗಲ್ಲ, ಒಪ್ತೀನಿ. ಆದ್ರೆ ಕಣ್ಣೆದುರಿಗಿರೋ ಒತ್ತಕ್ಷರ? ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ತಗೊಂಡ ಮೇಲೆ ಆ ಸೆಂಟಿಮೀಟರಲ್ಲಿ ಏನಿದೆ ಅಂತ ಓದೋಕೆ ಒಬ್ಬರನ್ನ ಕೂರಿಸೋದು, ಅವರು ಬೇಡ ಅಂದ್ರೆ ನಿಲ್ಲಿಸೋ ಅಧಿಕಾರ ಕೊಡೋದು ಪತ್ರಿಕೆಯವರಿಗೆ ಅಷ್ಟು ಭಾರ ಆಗುತ್ತಾ? ನಂಗಂತೂ ಹಂಗನ್ಸಲ್ಲ. ನಾನು ಕೂರಿಸಲಿಲ್ಲ ಅನ್ನೋದೂ ಅಷ್ಟೇ ನಿಜ.

ಇಷ್ಟೆಲ್ಲಾ ತಲೆಯಲ್ಲಿ ಓಡ್ತಿರುವಾಗ ಭಾನುವಾರ ಹನ್ನೊಂದು ಗಂಟೆ ಆಗಿತ್ತು. ಪಾತ್ರೆ ಅಂಗಡಿ ಪಾಂಪ್ಲೆಟ್ ಇನ್ನೂ ಟೇಬಲ್ ಮೇಲಿತ್ತು. ತಳದಲ್ಲಿ ಪ್ರೆಸ್ ಹೆಸರು ಹುಡುಕಿದೆ, ಇರಲಿಲ್ಲ. ಅಂಗಡಿ ನಂಬರ್ ಇತ್ತು. ಹೆಂಡತಿ ಬೇಡಾರೀ ಅಂದ್ರೂ ಫೋನ್ ಮಾಡಿದೆ.

ಯಜಮಾನರೇ ಎತ್ತಿದ್ರು. ‘ಸಾರ್, ತಪ್ಪು ತಿಳ್ಕೋಬೇಡಿ, ನಿಮ್ಮ ಪಾಂಪ್ಲೆಟ್ಟಲ್ಲಿ ಗೃಹಪ್ರವೇಶ ಅನ್ನೋದು ಗ್ರಹಪ್ರವೇಶ ಆಗಿದೆ, ಇನ್ನೊಂದ್ಸಲ ಹಾಕಿಸುವಾಗ ಪ್ರೆಸ್ಸಿನವರಿಗೆ ಹೇಳಿ’ ಅಂದೆ.

‘ಅಯ್ಯೋ, ಪ್ರೆಸ್ಸಲ್ಲಿ ಆ ಹುಡುಗಿ ಹೇಳ್ತು ಸಾರ್’ ಅಂದ್ರು. ‘ಅಣ್ಣ ಇದು ಹಿಂಗಲ್ಲ, ಋ ಬರಬೇಕು ಅಂತು. ನಾನೇ, ಇರ್ಲಿ ಬಿಡಮ್ಮ, ನಮ್ಮ ಹಳೇ ಅಂಗಡಿ ಪಾಂಪ್ಲೆಟ್ಟಲ್ಲೂ ಹಿಂಗೇ ಇತ್ತು, ಜನಕ್ಕೆ ಅಭ್ಯಾಸ ಆಗಿದೆ ಅಂದೆ. ಎರಡು ಸಲ ಹೇಳ್ತು ಪಾಪ.’

‘ಎರಡು ಸಲ ಹೇಳಿದ್ಲಾ?’

‘ಹೂಂ ಸಾರ್, ಎರಡು ಸಲ. ಆಮೇಲೆ ಸುಮ್ನಾಯ್ತು.’ ಆ ಕಡೆ ಯಾರೋ ಗಿರಾಕಿ ಬಂದಂಗಿತ್ತು, ಸ್ಟೀಲ್ ಡಬರಿಗಳು ಒಂದರ ಮೇಲೊಂದು ಬಡಿದ ಸದ್ದು ಕೇಳಿಸ್ತು. ‘ಅದಿರ್ಲಿ, ನಿಮ್ಮನೇಲಿ ಏನಾದ್ರೂ ಫಂಕ್ಷನ್ ಇದೆಯಾ ಸಾರ್? ಇದ್ರೆ ಬನ್ನಿ, ಕುಕ್ಕರ್ ಮೇಲೆ ಆಫರ್ ಇದೆ.’